ಸಿಪಿಲಸ್ ಪೆಟ್ಟಿಗೆಯ ಹಾಳೆ

ಫೆಬ್ರವರಿ 11

ಅಮ್ಮ,

ನೀನು ಫೋನ್ ಎತ್ತುತ್ತಿಲ್ಲ. ಪ್ರತಿ ಸಲ ಚಿಕ್ಕಮ್ಮನೇ ಎತ್ತಿ, "ನಿನ್ನಮ್ಮ ಬಟ್ಟೆ ಒಣಗಿಸ್ತಿದಾಳೆ" ಅನ್ನುತ್ತಾಳೆ. ಹದಿನೆಂಟು ದಿನದಿಂದ ಒಣಗಿಸುತ್ತಲೇ ಇದ್ದೀಯ. ನಿನ್ನೆ ಅವಳಿಗೇ ಬೇಜಾರಾಗಿ, "ಏನಿದ್ರೂ ಬರೆದು ಕಳಿಸ್ಬೇಕಂತೆ ಕಣೆ. ಬರೆದದ್ದಾದ್ರೆ ಆಮೇಲೆ ನಾನು ಹಾಗಂದಿಲ್ಲ ಹೀಗಂದಿಲ್ಲ ಅನ್ನೋಕಾಗಲ್ವಂತೆ" ಅಂದಳು. ಅದಕ್ಕೆ ಬರೆಯುತ್ತಿದ್ದೇನೆ.

ಮನೆ ನೀನು ಬಿಟ್ಟುಹೋದ ಹಾಗೇ ಇದೆ. ನಿನ್ನ ಮ್ಯೂಸಿಯಂ ಸಮವಸ್ತ್ರ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿದೆ. ಒಗೆದು ಇಸ್ತ್ರಿ ಮಾಡಿ ವಾಪಸ್ ಕೊಡಬೇಕಂತೆ, ಕಚೇರಿಯಿಂದ ಎರಡು ಸಲ ಕೇಳಿದರು. ನಾನಿನ್ನೂ ಕೊಟ್ಟಿಲ್ಲ. ಜೇಬಿನಲ್ಲಿ ನಿನ್ನ ಪೆನ್ಸಿಲ್ ತುಂಡು ಇತ್ತು. ತೆಗೆದಿಟ್ಟಿದ್ದೇನೆ.

ಕೆಲಸ ಹೋಯಿತೆಂದು ಕೊರಗಬೇಡ ಅಮ್ಮ. ಹದಿನಾಲ್ಕು ವರ್ಷ ಆ ಹುಳದ ಕೋಣೆ ಗುಡಿಸಿ ಒರೆಸಿ ನಿನ್ನ ಬೆರಳು ಸೊಟ್ಟಗಾಗಿವೆ. ಇವತ್ತಲ್ಲ ನಾಳೆ ಬಿಡಲೇಬೇಕಿತ್ತು. ಸಾಹೇಬರೂ ನಿನ್ನ ಬಗ್ಗೆ ಕೆಟ್ಟದಾಗಿ ಮಾತಾಡಿಲ್ಲ. "ಪಾಪ, ಆಕೆಯನ್ನ ಅಂದು ಏನು ಪ್ರಯೋಜನ. ಓದು ಬಾರದವರ ಕೈಗೆ ಕೊಟ್ಟದ್ದು ನಮ್ಮ ತಪ್ಪು" ಅಂದರು. ಪೊಲೀಸು ಗಿಲೀಸು ಏನೂ ಇಲ್ಲ. ಹುಳದ ಮುನ್ನೂರು ಮೊಟ್ಟೆ ಹೋದವು, ಅಲ್ಲಿಗೆ ಮುಗಿಯಿತು.

ಪ್ರದರ್ಶನ ನಿಂತಿಲ್ಲ. ಮೇ 28ಕ್ಕೆ ಆರಂಭ. ಹೆಸರು 'ಸಿಪಿಲಸ್'. ಗ್ರೀಕರ ಹಳೆಯ ಹೆಸರು ಅದು. ಒಂದು ಬೆಟ್ಟಕ್ಕೆ ಅದೇ ಹೆಸರು, ಆ ಬೆಟ್ಟದಲ್ಲಿದ್ದು ಭೂಕಂಪದಲ್ಲಿ ಮುಳುಗಿಹೋಯಿತು ಎನ್ನುವ ಊರಿಗೆ ಅದೇ ಹೆಸರು, ಪುರಾಣದ ಒಬ್ಬ ಹುಡುಗನಿಗೆ ಅದೇ ಹೆಸರು, ಕೊನೆಗೆ ನೀನು ನೋಡಿಕೊಳ್ಳುತ್ತಿದ್ದ ಗುಲಾಬಿ ರೆಕ್ಕೆಯ ಕಡ್ಡಿಹುಳಕ್ಕೂ ಅದೇ. ನಾಲ್ಕು ಗೋಡೆ, ನಾಲ್ಕು ಫಲಕ. ಬರೆಯುವ ಕೆಲಸ ನನ್ನದು. ಚೆನ್ನಾಗಿ ಬರೆದರೆ ಜೂನ್‌ನಲ್ಲಿ ಕಾಯಂ ಮಾಡುತ್ತಾರಂತೆ.

ವಿಚಾರಣೆಯ ದಿನ ನನಗೆ ಮಾತೇ ಹೊರಡಲಿಲ್ಲ. ನಿನಗೆ ಅರ್ಥವಾಗುತ್ತದೆ ಅಂದುಕೊಂಡಿದ್ದೇನೆ.

ನಿನ್ನ
ಕಡ್ಡಿ

*

ಮಾರ್ಚ್ 2

ಕಡ್ಡಿ,

ಚೆನ್ನಾಗಿದ್ದೀಯಾ ಅಂತ ಕೇಳಲ್ಲ. ಕೇಳಿದರೆ ಚೆನ್ನಾಗಿದ್ದೀನಿ ಅಂತ ಬರೀತೀಯ, ನಾನು ನಂಬಬೇಕಾಗುತ್ತೆ.

ನಿನ್ನ ಪತ್ರ ಓದಿದೆ. ಯಾರ ಕೈಲೂ ಓದಿಸಲಿಲ್ಲ, ಒಬ್ಬಳೇ ಕೂತು ಓದಿದೆ. ಅದರಲ್ಲಿ ನನ್ನ ಬೆರಳಿದೆ, ನನ್ನ ಸಮವಸ್ತ್ರ ಇದೆ, ಸಾಹೇಬರ 'ಪಾಪ' ಇದೆ. ನಿನ್ನ ಹಾಳೆ ಎಲ್ಲೂ ಇಲ್ಲ.

ಮರೆತಿದ್ದರೆ ನಾನು ಹೇಳ್ತೀನಿ. ಸೆಪ್ಟೆಂಬರಿನಲ್ಲಿ ಆ ಹೊಸ ಹುಳ ಬಂದಾಗ ಪೆಟ್ಟಿಗೆಯ ಪಕ್ಕ ಒಂದು ಹಾಳೆ ಅಂಟಿಸಿದೆ. ನಿನ್ನದೇ ಕೈಬರಹ. ಮೂರನೇ ಸಾಲು ನನಗೆ ಬಾಯಿಪಾಠ. "ಪೆಟ್ಟಿಗೆಯ ಒಳಗೋಡೆಗಳನ್ನು ಪ್ರತಿ ಸೋಮವಾರ ಬಿಸಿನೀರಿನ ಬಟ್ಟೆಯಿಂದ ಒರೆಸಬೇಕು, ತಳದ ಕಸವನ್ನು ಎಸೆಯಬಾರದು, ಮೊಟ್ಟೆಗಳು ಅದರಲ್ಲಿರುತ್ತವೆ." ನಾನು ಕಸ ಎಸೆಯಲಿಲ್ಲ. ಗೋಡೆ ಒರೆಸಿದೆ. ಗೋಡೆಗೆ ಕಂದು ಕಾಳಿನ ಹಾಗೆ ಏನೋ ಮೆತ್ತಿಕೊಳ್ಳೋದು. ಬಟ್ಟೆಗೆ ಬರ್ತಿರಲಿಲ್ಲ, ಉಗುರಲ್ಲಿ ಕೆರೆದೆ. ಒಂದು ಸೋಮವಾರ ನಿನ್ನ ಮೇಜಿನ ಹತ್ರ ಬಂದು "ಇದೇನೇ, ಗೋಡೆ ತುಂಬಾ ಅಂಟಿದೆ" ಅಂದೆ. ನೀನು ತಲೆ ಎತ್ತಲಿಲ್ಲ. "ಹಾಳೇಲಿರೋ ಹಾಗೆ ಮಾಡಮ್ಮ, ಸುಮ್ನೆ ತಲೆ ತಿನ್ಬೇಡ" ಅಂದೆ. ಹಾಳೇಲಿದ್ದ ಹಾಗೆ ಮಾಡಿದೆ. ನಾಲ್ಕು ತಿಂಗಳು, ಒಂದು ಸೋಮವಾರವೂ ತಪ್ಪಿಸದೆ.

ಆಮೇಲೆ ವಿಚಾರಣೆ. ಕೋಣೇಲಿ ನಾಲ್ಕು ಜನ: ಕನ್ನಡಕದ ಸಾಹೇಬರು, ಬರ್ಕೊಳ್ಳೋ ಗುಮಾಸ್ತ, ನೀನು, ನಾನು. ಕುರ್ಚಿ ಮೂರು. ಸಾಹೇಬರು ನನ್ನನ್ನ ಕೇಳಲೇ ಇಲ್ಲ. ನಿನ್ನ ಕಡೆ ತಿರುಗಿ, "ನಿಮ್ಮ ತಾಯಿ ಅಲ್ವಾ, ನೀವೇ ಹೇಳಿ. ಇವರಿಗೆ ಓದೋಕೆ ಬರುತ್ತಾ?" ಅಂದರು. ನೀನು ಉಗುರು ನೋಡ್ಕೊಂಡು "ಇಲ್ಲ ಸರ್" ಅಂದೆ.

ಆರು ವರ್ಷದ ಹಿಂದೆ ಅಡುಗೆಮನೆ ನೆಲದ ಮೇಲೆ ಸೀಮೆಸುಣ್ಣ ಹಿಡಿಸಿ ನನಗೆ ಅಕ್ಷರ ತಿದ್ದಿಸಿದವಳು ನೀನು. 'ಳ' ಬರೆಯೋಕೆ ಬಾರದೆ ನಾನು ಅತ್ತಾಗ, "ಹುಳ ಮುದುಡಿಕೊಂಡ ಹಾಗೆ ಬರಿ" ಅಂದವಳು ನೀನು.

ಸಾಹೇಬರು ಆಮೇಲೆ ನನ್ನ ಕಡೆ ನೋಡಿದರು. ನಾನೂ ಇಲ್ಲ ಅಂದೆ. ಗುಮಾಸ್ತ ಹೆಬ್ಬೆಟ್ಟು ಒತ್ತಿಸಿಕೊಂಡ. ಆ ಮಸಿ ಮೂರು ದಿನ ಹೋಗಲಿಲ್ಲ.

ಮಾತೇ ಹೊರಡಲಿಲ್ಲ ಅಂತ ಬರೆದಿದ್ದೀಯ. ಸುಳ್ಳು. ಎರಡು ಮಾತು ಹೊರಟಿತು. ನಾನು ಪಕ್ಕದಲ್ಲೇ ನಿಂತಿದ್ದೆ.

ಪೆನ್ಸಿಲ್ ಕಳಿಸು. ಇಲ್ಲಿ ತಂಗಿ ಮನೇಲಿ ಇರೋದು ಒಂದೇ ಪೆನ್ನು, ಅದೂ ಕಕ್ಕುತ್ತೆ.

ಇಂತಿ,
ಓದೋಕೆ ಬಾರದವಳು

*

ಮಾರ್ಚ್ 19

ಅಮ್ಮ,

ಪೆನ್ಸಿಲ್ ಜೊತೆಗೆ ಇನ್ನೂ ಎರಡು ಹೊಸವು ಇಟ್ಟಿದ್ದೇನೆ.

ಹೌದು, ಹಾಳೆ ನನ್ನದು. ಬರೆಯುತ್ತೇನೆ, ನೀನು ಓದು.

ಹುಳ ಬಂದ ದಿನ ಸಾಹೇಬರು, "ಸಂಜೆಯೊಳಗೆ ಒಂದು ಸೂಚನಾ ಹಾಳೆ ಬೇಕು, ನಿಮ್ಮಮ್ಮನಿಗೆ ನೀವೇ ವಿವರಿಸಿ" ಅಂದರು. ನಮ್ಮಲ್ಲಿ ಮೊದಲಿನಿಂದ ಇದ್ದ ಕಡ್ಡಿಹುಳಗಳು ನಿಂತಲ್ಲೇ ಮೊಟ್ಟೆ ಉದುರಿಸುತ್ತವೆ, ಕಸದಲ್ಲಿ ಆರಿಸಬೇಕು. ನಿನಗೇ ಗೊತ್ತು, ಎಷ್ಟು ವರ್ಷ ಜರಡಿ ಹಿಡಿದಿದ್ದೀಯ. ನಾನು ಆ ಹಳೆಯ ಸೂಚನೆಯನ್ನೇ ನೋಡಿಕೊಂಡು ಬರೆದುಬಿಟ್ಟೆ. ಸಿಪಿಲಸ್ ಹಾಗೆ ಉದುರಿಸುವುದಿಲ್ಲ. ಗೋಡೆಗೆ, ತೊಗಟೆಗೆ, ಸಂದುಗೊಂದಿಗೆ ಒಂದೊಂದೇ ಅಂಟಿಸುತ್ತದೆ. ಹುಳದ ಜೊತೆ ಬಂದ ಪುಸ್ತಕದಲ್ಲಿ ಅದು ಇತ್ತು. ನಾನು ಪುಸ್ತಕ ತೆರೆದಿರಲಿಲ್ಲ. ಓದು ಬಾರದವರು ಯಾರು ಅಂತ ಈಗ ನೀನು ಕೇಳಬಹುದು.

ಜನವರಿಯಲ್ಲಿ ದೊಡ್ಡ ಹುಳಗಳೆಲ್ಲ ವಯಸ್ಸಾಗಿ ಒಂದೊಂದೇ ಸತ್ತವು. ಮರಿ ಒಂದೂ ಹೊರಬರಲಿಲ್ಲ. ಆಗ ಸಾಹೇಬರು ಕೇಳಿದರು. ಆಗ ನಾನು ಪುಸ್ತಕ ತೆರೆದೆ.

ಕಾಯಂ ಆಗುವ ಆಸೆ ಇತ್ತು ಅಮ್ಮ. ನೀನು ನೆಲ ಒರೆಸುವ ಕಟ್ಟಡದಲ್ಲಿ ನನಗೊಂದು ಮೇಜು, ಅದರ ಮೇಲೆ ನನ್ನ ದೀಪ. ಅದು ಹೋಗುತ್ತದೆ ಅನ್ನಿಸಿತು. ನೀನು ಕಳೆದುಕೊಂಡರೆ ಪೊರಕೆ, ನಾನು ಕಳೆದುಕೊಂಡರೆ ಮೇಜು ಅಂತ ಆ ಒಂದು ಗಳಿಗೆಯಲ್ಲಿ ತೂಗಿ ನೋಡಿದೆ. ಹಾಗೆ ತೂಗಿದ್ದನ್ನು ನೆನೆದರೆ ಕನ್ನಡಿ ನೋಡಿಕೊಂಡು ಮುಖ ತೊಳೆಯಲಾಗುತ್ತಿಲ್ಲ. ಕೆಳಗೆ ಬಗ್ಗಿ ತೊಳೆದು ಹಾಗೇ ಹೋಗುತ್ತೇನೆ.

ಪೆಟ್ಟಿಗೆಯ ಬಾಗಿಲ ಕೀಲಿನ ಸಂದಿಯಲ್ಲಿ ಏಳು ಮೊಟ್ಟೆ ಉಳಿದಿದ್ದವಂತೆ. ಅವು ಒಡೆದಿವೆ. ಏಳು ಮರಿ, ದಾರದೆಳೆಯಷ್ಟು ಸಣ್ಣವು. ಮುಳ್ಳುಗಿಡದ ಚಿಗುರು ತಿನ್ನುತ್ತಿವೆ. ಎಲ್ಲ ಹೆಣ್ಣು, ಈ ಹುಳಕ್ಕೆ ವಂಶ ಬೆಳೆಸಲು ಗಂಡು ಬೇಕಿಲ್ಲ.

ಪುರಾಣದ ಫಲಕವನ್ನು ಬರೆದಿದ್ದೇನೆ, ಕೇಳು. ನಿಯೋಬೆ ಎಂಬ ರಾಣಿಗೆ ಏಳು ಗಂಡು, ಏಳು ಹೆಣ್ಣು ಮಕ್ಕಳು. ಎರಡೇ ಮಕ್ಕಳಿದ್ದ ಒಬ್ಬ ದೇವತೆಗಿಂತ ತಾನು ಹೆಚ್ಚು ಎಂದು ಜಂಬ ಕೊಚ್ಚಿಕೊಂಡಳು. ಆ ದೇವತೆಯ ಮಕ್ಕಳಿಬ್ಬರು ಬಿಲ್ಲು ಹಿಡಿದು ಬಂದು ಅವಳ ಮಕ್ಕಳನ್ನೆಲ್ಲ ಕೊಂದರು. ಸಿಪಿಲಸ್ ಅವಳ ಗಂಡುಮಕ್ಕಳಲ್ಲಿ ಒಬ್ಬ. ಕುದುರೆಯ ಲಗಾಮು ಸಡಿಲಿಸಿ ಓಡುತ್ತಿರುವಾಗ ಬಾಣ ಕುತ್ತಿಗೆಗೆ ನೆಟ್ಟಿತು. ತಾಯಿ ತವರಿನ ಬೆಟ್ಟಕ್ಕೆ ಹೋಗಿ ಕಲ್ಲಾದಳು. ಆ ಬೆಟ್ಟದ ಹೆಸರೂ ಸಿಪಿಲಸ್. ಕಲ್ಲು ಇಂದಿಗೂ ಅಳುತ್ತದೆ ಅನ್ನುತ್ತಾರೆ.

ನಾಚಿಕೆಯಾಗುತ್ತಿದೆ ಎಂದು ಬರೆಯಲೂ ನಾಚಿಕೆಯಾಗುತ್ತಿದೆ.

ಕಡ್ಡಿ

*

ಏಪ್ರಿಲ್ 14

ಕಡ್ಡಿ,

ನಿನ್ನ ಪತ್ರ ಬಂದು ಮೂರು ವಾರ ಆಯ್ತು. ದಿಂಬಿನ ಕೆಳಗಿಟ್ಟಿದ್ದೆ. ನನಗೆ ಇಲ್ಲಿ ಒಂದು ಲಾಂಡ್ರೀಲಿ ಕೆಲಸ ಸಿಕ್ಕಿದೆ. ಆಸ್ಪತ್ರೆಯ ಹೊದಿಕೆಗಳು ಬರ್ತವೆ. ಕಲೆ ನೋಡಿದರೆ ಯಾರಿಗೆ ಏನಾಗಿತ್ತು ಅಂತ ಗೊತ್ತಾಗುತ್ತೆ. ಜೊತೆಗಾತಿ ಹೇಳ್ತಾಳೆ, "ಅಕ್ಕ, ನೀನು ಕಲೆ ಓದೋದ್ರಲ್ಲಿ ಪಂಡಿತೆ." ನಾನು ನಗಲಿಲ್ಲ.

ನಿನ್ನ ರಾಣಿಯ ಕಥೆ ಓದಿದೆ. ಓದಿ ಸಿಟ್ಟು ಬಂತು. ಆ ಹೆಂಗಸು ಮಾಡಿದ್ದೇನು? ನನ್ನ ಮಕ್ಕಳು ಚೆಂದ ಅಂದಳು. ಹೆತ್ತವಳು ಇನ್ನೇನು ಅಂತಾಳೆ? ಮೇಲಿರೋರಿಗೆ ಅದು ಸಹಿಸೋಕಾಗಲಿಲ್ಲ. ಕೆಳಗಿನವಳು ಇಷ್ಟೊಂದು ಹಿಗ್ಗಬಾರದು ಅಂತ ಹದಿನಾಲ್ಕು ಜೀವ ತೆಗೆದರು. ತೆಗೆದ ಮೇಲೆ ಜಂಬ ಕೂಡದು ಅಂತ ಬುದ್ಧಿ ಹೇಳಿದ್ದು ಯಾರಿಗೆ? ಕೊಂದವರಿಗಲ್ಲ, ಹೆಣ ಎತ್ತಿದವಳಿಗೆ. ನೀನೂ ಹಾಗೇ ಬರೆದು ಫಲಕ ಮಾಡಿದ್ದೀಯ, "ಜಂಬ ಕೊಚ್ಚಿಕೊಂಡಳು" ಅಂತ. ಹಾಗೆ ಬರೆಯೋಕೆ ಮನಸ್ಸಾದ್ರೂ ಹೇಗೆ ಬಂತು ನಿನಗೆ.

ನಾನೂ ಕೊಚ್ಚಿಕೊಂಡವಳೇ. ಆ ಕಟ್ಟಡದಲ್ಲಿ ಯಾರ ಹತ್ರ ಕೊಚ್ಚಿಕೊಂಡಿಲ್ಲ ಹೇಳು. ಬಾಗಿಲು ಕಾಯೋನ ಹತ್ರ, ನೀರು ತುಂಬೋನ ಹತ್ರ. ನಿನ್ನ ಹಾಳೆ ಗೋಡೆಗೆ ಅಂಟಿದ ದಿನ ಜೊತೆಗೆ ಗುಡಿಸೋ ನಮ್ಮ ಆರೂ ಜನಾನ ಕೈ ಹಿಡಿದು ಎಳ್ಕೊಂಡು ಬಂದೆ. "ನೋಡ್ರೇ ನನ್ನ ಮಗಳ ಅಕ್ಷರ, ಮುತ್ತು ಪೋಣಿಸಿದ ಹಾಗಿದೆ." ಮಧ್ಯಾಹ್ನ ಊಟದ ಹೊತ್ತಲ್ಲಿ ಪೊರಕೆ ಕೋಣೇಲಿ ನಾನು ಅವರಿಗೆ ಪಾಠ ಹೇಳ್ತಿದ್ದೆನಲ್ಲ, ಆ ವಾರವಿಡೀ ಪಾಠ ನಿನ್ನ ಹಾಳೆಯೇ. ಒಂದೊಂದು ಸಾಲು ಒಬ್ಬೊಬ್ಬಳಿಗೆ. ಮೂರನೇ ಸಾಲು ದಪ್ಪಕ್ಕನ ಪಾಲಿಗೆ ಬಂದಿತ್ತು. 'ಒರೆಸಬೇಕು' ಅಂತ ಅವಳು ಕೂಡಿಸಿ ಓದೋ ಹೊತ್ತಿಗೆ ಊಟದ ಗಂಟೆ ಮುಗಿದಿತ್ತು. ನಕ್ಕಿದ್ದೇ ನಕ್ಕಿದ್ದು.

ಗಂಡಿಲ್ಲದೆ ವಂಶ ಬೆಳೆಸೋ ಹುಳ ಅಂತ ಬರೆದಿದ್ದೀಯ. ನಮ್ಮನೆಗೇನು ಹೊಸದಾ ಅದು.

ಈಗ ಮುಖ್ಯ ವಿಷಯ. ನೀನು ಅರ್ಧ ಒಪ್ಪಿಕೊಂಡೆ. ಒಪ್ಪಿಕೊಂಡೆ ಅಂತ ನಿನಗೆ ಹಗುರ ಆಗಿರಬೇಕು. ಆ ಹಾಳೆ ಬಾಯಿಪಾಠ ಅಂದೆನಲ್ಲ, ಅದರ ಮುಖವೂ ನನಗೆ ಗೊತ್ತು. ಎಡಗಡೆ ಮೂಲೆ ಹರಿದಿತ್ತು. ಕೆಳಗೆ ನನ್ನ ಒದ್ದೆ ಕೈಯ ಗುರುತಿತ್ತು. ವಿಚಾರಣೆಯ ದಿನ ಸಾಹೇಬರು ತಂದು ತೋರಿಸಿದ ಹಾಳೆಗೆ ಮೂಲೆ ಸರಿಯಾಗಿತ್ತು. ಕೈಗುರುತು ಇರಲಿಲ್ಲ. ಅದರ ಮೂರನೇ ಸಾಲು, "ಒಳಗೋಡೆಗಳನ್ನು ಮುಟ್ಟಬಾರದು."

ನಾನು ಅದನ್ನ ಅಲ್ಲೇ ನಿಂತು ಓದಿದೆ. ಓದಿ ಮುಗಿಸಿದ ಮೇಲೆ "ನನಗೆ ಓದೋಕೆ ಬರಲ್ಲ" ಅಂದೆ.

ಇಂತಿ,
ಕಲೆ ತೆಗೆಯೋಳು

*

ಏಪ್ರಿಲ್ 20

ಅಮ್ಮ,

ಹೌದು. ಬದಲಾಯಿಸಿದೆ.

ಪುಸ್ತಕ ಓದಿದ ಮಾರನೇ ದಿನ ಬೆಳಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಹಳೆಯದನ್ನು ಕಿತ್ತು ಹೊಸದನ್ನು ಅಂಟಿಸಿದೆ. ಮುಂದೆ ತಪ್ಪಾಗಬಾರದು, ತಿದ್ದಿದ್ದು ಒಳ್ಳೆಯದೇ ಅಂತ ನನಗೆ ನಾನೇ ಹೇಳಿಕೊಂಡೆ. ತಿದ್ದಿದವಳು ಕೆಳಗೆ ಆ ದಿನದ ತಾರೀಕು ಹಾಕಬೇಕಿತ್ತು. ನಾನು ಸೆಪ್ಟೆಂಬರಿನ ತಾರೀಕು ಹಾಕಿದೆ.

ನಿನಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಪರವಾಗಿ ಹೆಬ್ಬೆಟ್ಟು ಒತ್ತಿದೆ. ಇಷ್ಟು ದಿನ ನಿನಗೆ ಗೊತ್ತಿಲ್ಲ ಎಂಬ ಒಂದೇ ಆಸರೆಯ ಮೇಲೆ ಉಣ್ಣುತ್ತಿದ್ದೆ, ಮಲಗುತ್ತಿದ್ದೆ.

ಹಳೆಯ ಹಾಳೆಯನ್ನು ಹರಿದುಹಾಕಿಲ್ಲ. ಎರಡು ಸಲ ಕೈಗೆತ್ತಿಕೊಂಡೆ. ನಿನ್ನ ಕೈಗುರುತು ಇದೆಯಲ್ಲ, ಹರಿಯಲಾಗಲಿಲ್ಲ. ಮೇಜಿನ ಖಾನೆಯಲ್ಲಿ ತಳಕ್ಕೆ ಹಾಸಿದ ಕಾಗದದ ಕೆಳಗಿದೆ.

ಇನ್ನೊಂದು ವಿಷಯ ಇದೆ. ಮುಚ್ಚಿಟ್ಟರೆ ಮತ್ತೆ ನೀನೇ ಕಂಡುಹಿಡಿಯುತ್ತೀಯ. ಹುಳದ ಕೋಣೆಯಲ್ಲಿ ಆದದ್ದನ್ನು ಕಾರಣ ಮಾಡಿ, ಓದು ಬಾರದವರು ಇನ್ನು ಸಂಗ್ರಹದ ಕೋಣೆಗಳಲ್ಲಿ ಬೇಡ ಎಂದು ತೀರ್ಮಾನ ಮಾಡಿದ್ದಾರೆ. ಓದು ಬಾರದವರು ಯಾರೆಂದು ಹೇಗೆ ಗೊತ್ತಾಗಬೇಕು? ಹಾಜರಿ ಪುಸ್ತಕ ನೋಡಿದರು. ಹೆಬ್ಬೆಟ್ಟಿನ ಪಟ್ಟಿಯಲ್ಲಿ ಇರುವವರೆಲ್ಲ ಓದು ಬಾರದವರು. ನಮಗೂ ಸಹಿ ಹಾಕೋಕೆ ಬರುತ್ತೆ, ಪಟ್ಟಿ ಬದಲಾಯಿಸಿ ಅಂತ ನೀವೆಲ್ಲ ಹೋದ ವರ್ಷ ಕೇಳಿದ್ದಿರಲ್ಲ, ಗುಮಾಸ್ತ ಅರ್ಜಿ ಕೊಡಿ ನೋಡೋಣ ಅಂದಿದ್ದ. ಆ ಅರ್ಜಿ ಅವನ ಹತ್ತಿರವೇ ಇದೆ. ದಪ್ಪಕ್ಕ ಸೇರಿ ಆರು ಜನಕ್ಕೂ ಜೂನ್ ಒಂದರಿಂದ ಕೆಲಸ ಇಲ್ಲ.

ನೋಟಿಸ್ ಚೆಂದದ ಅಕ್ಷರದಲ್ಲಿ ಇರಲಿ ಅಂತ ಸಾಹೇಬರು ನನ್ನ ಕೈಲೇ ಬರೆಸಿದರು. ಬರೆದೆ.

ದಪ್ಪಕ್ಕ ಅದರ ಮುಂದೆ ಬಹಳ ಹೊತ್ತು ನಿಂತಿದ್ದಳು. ನಾನು ಬೇರೆ ಮೆಟ್ಟಿಲಿನಿಂದ ಇಳಿದುಹೋದೆ.

ಕ

*

ಮೇ 6

ಕಡ್ಡಿ,

ದಪ್ಪಕ್ಕ ಲಾಂಡ್ರಿಗೆ ಬಂದಿದ್ದಳು. ಎರಡು ಬಸ್ಸು ಬದಲಾಯಿಸಿ ಬಂದವಳು ಟೀ ಮುಟ್ಟಲಿಲ್ಲ. "ಕೂತ್ಕೋ" ಅಂದೆ, ಕೂರಲಿಲ್ಲ.

"ಒಂದು ಕೇಳ್ಬೇಕು ಅಂತ ಬಂದೆ" ಅಂದಳು. "ನಿಂಗೆ ಓದೋಕೆ ಬರಲ್ಲ ಅಂತ ನೀನೇ ಹೆಬ್ಬೆಟ್ಟು ಒತ್ತಿದ್ಯಂತೆ. ಹೌದಾ?"

ಹೌದು ಅಂದೆ.

"ಹಾಗಾದ್ರೆ ನಮಗೆ ನೀನು ಕಲಿಸಿದ್ದೇನು? ನಾನು ಆ ಮೂರನೇ ಸಾಲು ಓದಿದ್ನಲ್ಲ, ಗೋಡೆ ಒರೆಸಬೇಕು ಅಂತಿತ್ತು. ಈಗ ಹೋಗಿ ಓದಿದ್ರೆ ಮುಟ್ಟಬಾರದು ಅಂತಿದೆ. ಅವತ್ತು ನಾನು ತಪ್ಪು ಓದಿದ್ನೋ, ಇವತ್ತು ತಪ್ಪು ಓದಿದ್ನೋ? ಮನೇಲಿ ಮೊಮ್ಮಗಳ ಪುಸ್ತಕ ತೆಗೆದರೆ ಒಂದೊಂದು ಪದಾನೂ ಎರಡೆರಡು ಸಲ ಅನುಮಾನ. ಬಿಟ್ಟುಬಿಟ್ಟೆ ಕಣೆ. ನಮ್ಮಂಥೋರಿಗೆ ಅಲ್ಲ ಅದು."

ಹೊರಟುಹೋದಳು. ನಾನು ಹಬೆ ಮುಂದೆ ನಿಂತು ಹೊದಿಕೆ ಮಡಚಿದೆ.

ಇಷ್ಟು ದಿನ ನಿನ್ನ ಮೇಲೆ ಹಾಯ್ದೆ. ಈಗ ನನ್ನ ಸರದಿ. ನಾನು ಇಲ್ಲ ಅಂದದ್ದು ಮಗಳಿಗೋಸ್ಕರ, ತಾಯಿ ಕರುಳು, ದೊಡ್ಡ ತ್ಯಾಗ ಅಂತ ಎದೆಯೊಳಗೆ ಒಂದು ದೀಪ ಹಚ್ಚಿಟ್ಟುಕೊಂಡಿದ್ದೆ. ಎಂಥ ತ್ಯಾಗ. ನನ್ನದನ್ನ ಕೊಟ್ಟಿದ್ದರೆ ತ್ಯಾಗ. ನಾನು ಕೊಟ್ಟಿದ್ದು ಆರು ಜನದ ಓದನ್ನ. ನಲವತ್ತು ದಾಟಿದ ಮೇಲೆ, ಒಡೆದ ಬೆರಳಲ್ಲಿ, ಊಟದ ಹೊತ್ತು ಬಿಟ್ಟು ಕಲಿತದ್ದನ್ನ. ಆ ಕೋಣೇಲಿ ನನ್ನ ಒಂದು 'ಇಲ್ಲ' ಸಾಹೇಬರಿಗೆ ಎಷ್ಟು ಹಿತವಾಗಿತ್ತು ಗೊತ್ತಾ? ಅವರ ಮುಖ ನೋಡಬೇಕಿತ್ತು ನೀನು. ಇವರಿಗೆ ಬರಲ್ಲ ಅಂತ ಅವರು ಮೊದಲೇ ಅಂದುಕೊಂಡಿದ್ದರು, ನಾವಿಬ್ಬರೂ ಸೇರಿ ನಿಜ ಮಾಡಿಕೊಟ್ಟೆವು. ನಾಚಿಕೆ ನಿನ್ನೊಬ್ಬಳದೇ ಅಂದ್ಕೋಬೇಡ. ಇದರಲ್ಲೂ ಪಾಲಿದೆ ನನಗೆ.

ಕೆಲಸಗಾರರ ಸಂಘದ ಕಚೇರಿಗೆ ಹೋಗಿದ್ದೆ. ನಾನು ಹೇಳ್ತೀನಿ ನೀವು ಬರ್ಕೊಳ್ಳಿ ಅನ್ನಲಿಲ್ಲ. ಕಾಗದ ಕೊಡಿ ಅಂದೆ. ಒಂದೂವರೆ ಪುಟ ಬರೆದೆ. ನಾನು ಸುಳ್ಳು ಹೇಳಿದ್ದು, ನೀನು ಸುಳ್ಳು ಹೇಳಿದ್ದು, ಹಾಳೆ ಬದಲಾದದ್ದು, ಎಲ್ಲ ಇದೆ. ಕೆಳಗೆ ಸಹಿ.

ಮೇ 28ಕ್ಕೆ ಬರ್ತೀನಿ. ಪ್ರದರ್ಶನಕ್ಕೆ ಎಲ್ಲರಿಗೂ ಪ್ರವೇಶ ಅಂತ ನೀನೇ ಫಲಕ ಬರೆದಿರ್ತೀಯ. ಅಷ್ಟು ಜನದ ಮುಂದೆ ನನ್ನ ಪತ್ರ ನಿಂತು ಓದ್ತೀನಿ. ನಿನಗೆ ಮೊದಲೇ ತಿಳಿಸ್ತಿದೀನಿ, ಬೆನ್ನ ಹಿಂದೆ ಮಾಡಲ್ಲ. ಬೇಡ ಅಂತ ಬರೀಬೇಡ. ಅಳಬೇಡ. ನಿನಗೆ ಇಪ್ಪತ್ತೆರಡು ದಿನ ಇದೆ.

ಇಂತಿ,
ನಿನ್ನಷ್ಟೇ ಸುಳ್ಳಿ

*

ಜೂನ್ 3

ಅಮ್ಮ,

ಇಪ್ಪತ್ತೆರಡು ದಿನದಲ್ಲಿ ಇಪ್ಪತ್ತೊಂದನ್ನು ಹೆದರಿಕೊಂಡೇ ಕಳೆದೆ. ಅದನ್ನೂ ಬರೆದುಬಿಡುತ್ತೇನೆ. ಕೊನೆಯ ದಿನದ ಧೈರ್ಯವನ್ನಷ್ಟೇ ತೋರಿಸಿ ನಿನ್ನಿಂದ ಶಭಾಷ್ ಅನ್ನಿಸಿಕೊಳ್ಳುವುದು ಬೇಡ.

ನೀನು ಹಜಾರಕ್ಕೆ ಬಂದದ್ದನ್ನು ನಾನು ನೋಡಲಿಲ್ಲ. ನೀನು ಬರುವ ಅರ್ಧ ಗಂಟೆ ಮೊದಲೇ ಸಾಹೇಬರು ನನ್ನನ್ನು ಕೋಣೆಗೆ ಕರೆದು ಬಾಗಿಲು ಹಾಕಿಸಿದ್ದರು. ಯಾಕೆಂದರೆ ಬೆಳಗ್ಗೆ ನಾಲ್ಕನೇ ಫಲಕವನ್ನು, ಹುಳದ ಫಲಕವನ್ನು, ನಾನು ಬದಲಾಯಿಸಿದ್ದೆ. ಈ ಸಲ ಆ ದಿನದ ತಾರೀಕು ಹಾಕಿದ್ದೆ. ಪಕ್ಕದಲ್ಲಿ ಹಳೆಯ ಹಾಳೆಯನ್ನು ಗಾಜಿನೊಳಗೆ ಇಟ್ಟೆ, ಹರಿದ ಮೂಲೆ ಕಾಣುವ ಹಾಗೆ. ಮೂರನೇ ಫಲಕದಲ್ಲಿ "ಜಂಬ ಕೊಚ್ಚಿಕೊಂಡಳು" ಅಂತ ಇದ್ದದ್ದನ್ನೂ ತೆಗೆದು "ಹೆಮ್ಮೆಪಟ್ಟಳು" ಅಂತ ಮಾಡಿದ್ದೆ. ನೀನು ನೋಡಿದೆಯೋ ಇಲ್ಲವೋ.

ಸಾಹೇಬರು ಕೂಗಾಡಲಿಲ್ಲ. ಅವರು ಯಾವತ್ತೂ ಕೂಗಾಡುವುದಿಲ್ಲ. "ನಿಮ್ಮ ಭವಿಷ್ಯದ ಬಗ್ಗೆ ನನಗೆ ಕಾಳಜಿ ಇತ್ತು" ಅಂದರು. "ತಾಯಿಯ ಮೇಲಿನ ಪ್ರೀತಿಗೆ ಹೀಗೆ ಮಾಡಿದ್ದೀರಿ, ಅರ್ಥವಾಗುತ್ತೆ. ಜನ ಹೋದ ಮೇಲೆ ಆ ಫಲಕ ತೆಗೆದುಬಿಡೋಣ, ಇಬ್ಬರೂ ಮರೆತುಬಿಡೋಣ" ಅಂದರು. ಪ್ರೀತಿಗೆ ಮಾಡಿದ್ದು ಜನವರಿಯಲ್ಲಿ ಸರ್, ನನ್ನ ಮೇಜಿನ ಮೇಲಿನ ಪ್ರೀತಿಗೆ ಅಂದೆ. ಆಗ ಉಗುರು ನೋಡಿಕೊಳ್ಳಲಿಲ್ಲ ಅಂತ ಹೇಳಲಾರೆ. ನೋಡಿಕೊಂಡೆ. ಆದರೆ ಅಂದೆ.

ಆಗಲೇ ಹೊರಗೆ ಯಾರೋ ಜೋರಾಗಿ ಓದುವುದು ಕೇಳಿಸಿತು. ನಿನ್ನ ದನಿ. ಪದಗಳು ಬಾಗಿಲು ದಾಟಿ ಬರಲಿಲ್ಲ. ಒಂದು ಕಡೆ ನಿಂತಿತು. ಆಮೇಲೆ ಇನ್ನೊಂದು ದನಿ, ತಡವರಿಸುತ್ತಾ. ಅದು ಯಾರದು, ಏನಾಯಿತು, ಯಾರೂ ನನಗೆ ಸರಿಯಾಗಿ ಹೇಳುತ್ತಿಲ್ಲ. ನನ್ನನ್ನು ಹಿಂದಿನ ಬಾಗಿಲಿನಿಂದ ಕಳಿಸಿದರು. ಕಾಯಂ ಇಲ್ಲ, ಕೆಲಸವೂ ಇಲ್ಲ. ಗಾಜಿನೊಳಗಿದ್ದ ಹಾಳೆಯನ್ನು ಮಾತ್ರ ಬಾಗಿಲು ಕಾಯುವವನು ತೆಗೆದು ಅಂಗಿಯೊಳಗೆ ಮುಚ್ಚಿಕೊಂಡು ಬಂದು ಕೈಗಿಟ್ಟ. "ನಿಮ್ಮಮ್ಮ ನಿನ್ನ ವಿಷಯ ಹೇಳಿ ಹೇಳಿ ನನ್ನ ಕಿವಿ ತೂತು ಮಾಡಿದಾಳೆ, ಇಷ್ಟಾದ್ರೂ ಮಾಡದೇ ಇರಕ್ಕಾಗುತ್ತಾ" ಅಂದ.

ನಿನ್ನ ಸಮವಸ್ತ್ರವನ್ನು ಒಗೆದು ಕೊಟ್ಟುಬಂದೆ.

ನೀನು ನನ್ನನ್ನು ಹುಡುಕಲಿಲ್ಲ ಅಂತ ಗೊತ್ತು. ಹುಡುಕಬೇಕಿತ್ತು ಅನ್ನುವ ಹಕ್ಕು ನನಗಿಲ್ಲ.

ಕಡ್ಡಿ

*

ಜೂನ್ 17

ಕಡ್ಡಿ,

ಬಾಗಿಲಾಚೆ ನಿನಗೆ ಕೇಳಿಸದೆ ಹೋದದ್ದನ್ನ ಬರೀತೀನಿ.

ನನ್ನ ಒಂದೂವರೆ ಪುಟ ಮಡಚಿ ಕೈಯಲ್ಲಿ ಹಿಡ್ಕೊಂಡೇ ಹೋದೆ. ದೊಡ್ಡ ಜನ ಬಂದಿದ್ದರು. ಬೆಟ್ಟದ ಗೋಡೆ ದಾಟಿದೆ, ಊರಿನ ಗೋಡೆ ದಾಟಿದೆ, ರಾಣಿ ಮುಂದೆ ಒಂದು ಗಳಿಗೆ ನಿಂತೆ. 'ಹೆಮ್ಮೆ' ಅಂತ ಇದ್ದದ್ದು ನೋಡಿದೆ. ಆಮೇಲೆ ಹುಳದ ಪೆಟ್ಟಿಗೆ. ಏಳೂ ಚೆನ್ನಾಗಿ ಬೆಳೆದಿವೆ. ರೆಕ್ಕೆ ಇನ್ನೂ ಬಂದಿಲ್ಲ.

ನಿನ್ನ ಫಲಕ ಓದಿದೆ. ಮೊದಲು ಮನಸ್ಸಲ್ಲಿ, ಆಮೇಲೆ ಜೋರಾಗಿ. ನನ್ನ ಪುಟ ಬಿಚ್ಚೋ ಅಗತ್ಯವೇ ಬೀಳಲಿಲ್ಲ. "ಸಿಪಿಲಸ್ ತನ್ನ ಮೊಟ್ಟೆಗಳನ್ನು ಗೋಡೆಗೆ ಅಂಟಿಸುತ್ತದೆ. ಈ ಪೆಟ್ಟಿಗೆಯ ಮುನ್ನೂರು ಮೊಟ್ಟೆಗಳು ನಾಶವಾದದ್ದು ತಪ್ಪು ಸೂಚನೆಯಿಂದ. ಸೂಚನೆ ಬರೆದವಳು ಈ ಫಲಕವನ್ನು ಬರೆದವಳೇ. ತಪ್ಪು ಮುಚ್ಚಲು ಆಕೆ ಹಾಳೆಯನ್ನು ಬದಲಿಸಿದಳು, ಸುಳ್ಳು ಹೇಳಿದಳು. ಸೂಚನೆಯನ್ನು ಓದಿ, ಅದರಲ್ಲಿದ್ದಂತೆಯೇ ಮಾಡಿದವಳು ನನ್ನ ಅಮ್ಮ." ಇಷ್ಟೂ ಓದಿದೆ. ಕೊನೆಯ ಎರಡು ಪದ ಬಿಟ್ಟು. ನೀನು ಕೇಳಿಸಿಕೊಂಡೆಯಲ್ಲ, ನಿಂತದ್ದು ಅಲ್ಲೇ. ಬರಲ್ಲ ಅಂತ ನಿಂತದ್ದಲ್ಲ. ಆ ಎರಡನ್ನ ಮನಸ್ಸಲ್ಲೇ ಓದ್ಕೊಂಡೆ.

ಒಬ್ಬ ದೊಡ್ಡ ಮನುಷ್ಯ, "ಹಳೇ ಹಾಳೇಲಿ ನಿಜವಾಗಿ ಏನಿದೆ?" ಅಂತ ಕೇಳಿದ. ನಾನು ಬಾಯಿ ತೆರೆಯೋ ಮೊದಲೇ ಹಿಂದಿನಿಂದ ಒದ್ದೆ ಮಾಪು ಹಿಡ್ಕೊಂಡು ದಪ್ಪಕ್ಕ ಬಂದಳು. ಜನ ಸೀರೆ, ಪ್ಯಾಂಟು ಎತ್ತಿ ಜಾಗ ಬಿಟ್ಟರು. ಗಾಜಿಗೆ ಮೂಗು ಹಚ್ಚಿ ಮೂರನೇ ಸಾಲು ಓದಿದಳು. "ಪೆಟ್ಟಿಗೆಯ... ಒಳ... ಗೋಡೆ... ಗಳನ್ನು..." ಎಷ್ಟು ಹೊತ್ತು ಹಿಡಿಯಿತು ಅಂತ ಗೊತ್ತಿಲ್ಲ. "ಒರೆಸಬೇಕು" ಅಂತ ಮುಗಿಸಿ ನನ್ನ ಕಡೆ ತಿರುಗಿದಳು. "ಅವತ್ತೂ ಸರಿಯಾಗೇ ಓದಿದ್ದೆ" ಅಂದಳು. ಅಷ್ಟೇ ಅಂದು ಬಕೆಟ್ ತಗೊಂಡು ಹೋದಳು.

ಆರು ಜನದ ನೋಟಿಸನ್ನ ತಡೆಹಿಡಿದಿದ್ದಾರೆ. ರದ್ದು ಮಾಡಿಲ್ಲ, ತಡೆಹಿಡಿದಿದ್ದಾರೆ. ಹೆಬ್ಬೆಟ್ಟಿನ ಪಟ್ಟಿ ಹರಿಯೋವರೆಗೂ ಸಂಘ ಬಿಡಲ್ಲ. ನನ್ನ ಕೆಲಸದ ಮಾತನ್ನ ಯಾರೂ ಎತ್ತಿಲ್ಲ, ನಾನೂ ಎತ್ತಿಲ್ಲ. ಮೊದಲು ಅವರದಾಗಲಿ.

ನಿನ್ನನ್ನ ಕ್ಷಮಿಸಿದೆ ಅಂತ ಬರೆಯೋಕೆ ಕೂತೆ, ಪೆನ್ಸಿಲ್ ಮುಂದೆ ಹೋಗ್ತಿಲ್ಲ. ಒತ್ತಾಯ ಮಾಡಲ್ಲ ಅದಕ್ಕೆ. ಕೆಲಸ ಕಳಕೊಂಡೆ ಅಂತ ನನ್ನ ಮಡಿಲಲ್ಲಿ ಅಳೋಕೆ ಬರಬೇಡ. ಬೇರೆ ಕೆಲಸ ಇದೆ, ಅದಕ್ಕೆ ಬಾ. ಭಾನುವಾರ ಹತ್ತಕ್ಕೆ, ಸಂಘದ ಕೋಣೆ. ಪೊರಕೆ ಕೋಣೆಯ ಪಾಠ ಈಗ ಅಲ್ಲಿ ನಡೆಯುತ್ತೆ. ಆರೂ ಜನ ಬರ್ತಾರೆ, ಲಾಂಡ್ರಿಯಿಂದ ಇಬ್ಬರು ಹೊಸಬರು. ಬರೆದದ್ದನ್ನ ಓದೋದು ಕಲಿಸಿದೆ ನಾನು. ಬರೆದದ್ದು ಸರಿಯಾ, ಯಾರು ಬರೆದರು, ಯಾಕೆ ಬರೆದರು ಅಂತ ಕೇಳೋದನ್ನ ಕಲಿಸಿರಲಿಲ್ಲ. ನಾನೇ ಅದನ್ನ ಕಲಿತಿದ್ದರೆ ಆ ಸೋಮವಾರ ನಿನ್ನ ಮೇಜಿನ ಹತ್ರದಿಂದ ಸುಮ್ಮನೆ ವಾಪಸ್ ಬರ್ತಿರಲಿಲ್ಲ. ಗೋಡೆಗೆ ಅಂಟಿದ್ದನ್ನ ಕೈಯಲ್ಲಿ ಹಿಡಿದು ನಿನ್ನ ಮುಖದ ಮುಂದೆ ಇಡ್ತಿದ್ದೆ.

ಆ ಹಾಳೆ ತಗೊಂಡು ಬಾ. ಈ ವಾರದ ಪಾಠ ಅದೇ. ಕುರ್ಚಿ ಇರಲ್ಲ, ನೆಲದ ಮೇಲೆ ಕೂರಬೇಕು. ಪಾಠ ಹೇಳಬೇಕಾಗಿಲ್ಲ ನೀನು. ಅವರು ಓದ್ತಾರೆ, ಓದಿ ಕೇಳ್ತಾರೆ. ಕೇಳಿದ್ದಕ್ಕೆಲ್ಲ ಉತ್ತರ ಹೇಳು. ದಪ್ಪಕ್ಕ ಮೂರನೇ ಸಾಲಿನ ಮೇಲೆ ಬೆರಳಿಟ್ಟಾಗ ಉಗುರು ನೋಡ್ಕೋಬೇಡ. ಅವಳನ್ನ ನೋಡು.

ಇಂತಿ,
ಜೋರಾಗಿ ಓದದೆ ಬಿಟ್ಟವಳು,
ಅಮ್ಮ